ಕಾಗೆ ಕೂತಿತು, ಕೊಂಬೆ ಮುರಿಯಿತು

ಸಾಗರದಲ್ಲಿ ನನ್ನ ಸೋದರಮಾವನದೊಂದು ಡಿಟಿಪಿ ಅಂಗಡಿ ಇದೆ. ಒಂದು ಕಂಪ್ಯೂಟರು, ಒಂದು ಲೇಸರ್ ಪ್ರಿಂಟರು, ಗೋಡೆ ತುಂಬ ಲಗ್ನಪತ್ರಿಕೆ ಸ್ಯಾಂಪಲ್ಲು. ಮಾಘ ಮಾಸ ಬಂತು ಅಂದರೆ ಮಾವನಿಗೆ ಊಟಕ್ಕೂ ಪುರುಸೊತ್ತು ಇರುವುದಿಲ್ಲ. 2025ರ ಫೆಬ್ರವರಿ 13, ಗುರುವಾರ. ಬೆಂಗಳೂರಲ್ಲಿ ನಾನು ದೋಸೆ ಕಾವಲಿ ಒಲೆ ಮೇಲಿಟ್ಟಿದ್ದೆ. ಮಾವನ ಫೋನು ಬಂತು.

“ನೋಡು ಮಾರಾಯ್ತಿ, ಇದು ಶುರುವಾಗತ್ತೆ, ಆಫ್ ಆಗತ್ತೆ. ಮತ್ತೆ ತಾನೇ ಶುರುವಾಗತ್ತೆ. ಬೆಳಿಗ್ಗೆಯಿಂದ ಹತ್ತು ಸಲ ಆಯ್ತು.”

“ನಿನ್ನೆ ಏನು ಮಾಡಿದ್ರಿ ಮಾವ?”

“ನಾನೇನು ಮಾಡ್ಲಿ? ರಾತ್ರಿ ಬಾಗಿಲು ಹಾಕುವಾಗ ಅಪ್‌ಡೇಟ್ ಅಂಡ್ ಶಟ್‌ಡೌನ್ ಅಂತ ಇತ್ತು. ಒತ್ತಿ ಬಂದೆ. ಅಷ್ಟೇ.”

ಸಿಕ್ಕಿಬಿದ್ದ ಕಳ್ಳ, ಅಂದುಕೊಂಡೆ.

ನಾನು ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ ಕೆಲಸ ಮಾಡುತ್ತೇನೆ. ಏನೇ ಕೆಟ್ಟರೂ ನಮ್ಮ ಬಾಯಿಂದ ಮೊದಲು ಬರುವ ಪ್ರಶ್ನೆ ಒಂದೇ: ಕೊನೆಗೆ ಏನು ಬದಲಾಯ್ತು? ಒಳ್ಳೆಯ ಪ್ರಶ್ನೆ. ಬಹಳ ಸಲ ಅದರ ಉತ್ತರದಲ್ಲೇ ರೋಗವೂ ಸಿಗುತ್ತದೆ. ಸಿಗದೇ ಹೋದಾಗ ಮಾತ್ರ ಅದು ನಮ್ಮನ್ನು ಊರೆಲ್ಲ ಸುತ್ತಿಸಿ ವಾಪಸ್ಸು ತಂದು ಬಿಡುತ್ತದೆ. ನಾನು ಸುತ್ತಿದ್ದು ಮೂರು ದಿನ.

ಅಪ್‌ಡೇಟ್ ಮೇಲೆ ಅನುಮಾನ ಬರುವುದಕ್ಕೆ ಲೆಕ್ಕವೂ ಸರಿಯಾಗಿ ಕೂಡಿಬಂದಿತ್ತು. ವಿಂಡೋಸ್‌ನ ತಿಂಗಳ ಅಪ್‌ಡೇಟ್ ಬರುವುದು ಎರಡನೇ ಮಂಗಳವಾರ. 2003ರ ಅಕ್ಟೋಬರ್‌ನಿಂದ ನಡೆದುಕೊಂಡು ಬಂದ ಪದ್ಧತಿ ಅದು. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಬೆಳಿಗ್ಗೆ 10 ಅಂದರೆ ಚಳಿಗಾಲದಲ್ಲಿ ನಮಗೆ ರಾತ್ರಿ ಹನ್ನೊಂದೂವರೆ. ಹಾಗಾಗಿ ನಮ್ಮ ಕಡೆ ಅದು ಬುಧವಾರ ಇಳಿಯುತ್ತದೆ. ಗುರುವಾರ ನೆಂಟರ ಫೋನು ಬರುತ್ತದೆ.

“ಮಾವ, ಲೋಗೊ ಬಂದ ಕೂಡಲೇ ಪವರ್ ಬಟನ್ ಒತ್ತಿ ಹಿಡೀರಿ. ಪೂರ್ತಿ ಆರೋ ತನಕ. ಹೀಗೆ ಎರಡು ಮೂರು ಸಲ ಮಾಡಿ.”

“ಹಾಳಾಗಲ್ವಾ?”

“ಹಾಳಾಗಿದ್ದಕ್ಕೇ ಅಲ್ವಾ ಫೋನ್ ಮಾಡಿದ್ದು?”

ಹಾಗೆ ಅನ್ನಬಾರದಿತ್ತು. ಅವರ ಭಯದಲ್ಲಿ ಅರ್ಥ ಇತ್ತು. ಅಪ್‌ಡೇಟ್ ಇಷ್ಟು ಪರ್ಸೆಂಟ್ ಆಗಿದೆ ಅಂತ ಪರದೆ ತೋರಿಸುತ್ತಿರುವಾಗ ಹೀಗೆ ಆರಿಸಬಾರದು. ಬರೀ ಲೋಗೊ, ಅದರ ಕೆಳಗೆ ಸುತ್ತುವ ಚುಕ್ಕಿಗಳು ಇದ್ದಾಗ ಮಾಡಬಹುದು. ಒಂದಾದ ಮೇಲೊಂದು ಸಲ ಏಳಲಾಗದೆ ಬಿದ್ದರೆ ವಿಂಡೋಸ್‌ಗೇ ಗಾಬರಿಯಾಗುತ್ತದೆ. ಆಗ ರಿಪೇರಿಯ ನೀಲಿ ಪರದೆ ತೆರೆದುಕೊಳ್ಳುತ್ತದೆ. ಎಫ್8 ಒತ್ತಿ, ತೀರಾ ಬೇಕಾದಷ್ಟನ್ನೇ ಇಟ್ಟುಕೊಂಡು ವಿಂಡೋಸ್ ಏಳುವ ಸೇಫ್ ಮೋಡಿಗೆ ಹೋಗುತ್ತಿದ್ದ ಕಾಲ ವಿಂಡೋಸ್ 8ರ ಜೊತೆಗೇ ಹೋಯಿತು. ಈಗ ಬೀಗದ ಕೈ ಇರುವುದು ಈ ರಿಪೇರಿ ಪರದೆಯ ಒಳಗೆ.

ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್. ಮಾವ ಒಂದೊಂದು ಶಬ್ದವನ್ನೂ ಅಕ್ಷರ ಬಿಡಿಸಿ ಓದಿದರು. ಕೊನೆಗೆ ಒಂಬತ್ತು ಸಾಲಿನ ಪಟ್ಟಿ ಬಂತು. ಎಲ್ಲರಿಗೂ ಗೊತ್ತಿರುವುದು 4 ಮತ್ತು 5, ಸೇಫ್ ಮೋಡ್. ನನಗೆ ಬೇಕಿದ್ದದ್ದು 9. ಅದನ್ನು ಒತ್ತಿದರೆ ವಿಂಡೋಸ್ ಕುಸಿದಾಗ ತಾನೇ ರಿಸ್ಟಾರ್ಟ್ ಆಗುವುದಿಲ್ಲ. ಕುಸಿದ ಜಾಗದಲ್ಲೇ ನೀಲಿ ಪರದೆ ಹಿಡಿದು ನಿಂತಿರುತ್ತದೆ. ತಪ್ಪಿನ ಹೆಸರು ಅಲ್ಲೇ ಬರೆದಿರುತ್ತದೆ. ಮಾಮೂಲಿಯಾಗಿ ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಹೋಗಿಬಿಡುವುದರಿಂದಲೇ ನಮಗೆ ಬರೀ ‘ಆಫ್ ಆಗತ್ತೆ, ಆನ್ ಆಗತ್ತೆ’ ಅಂತ ಕಾಣುವುದು.

“ಒಂಬತ್ತು ಒತ್ತಿದೆ. ಶುರುವಾಯ್ತು. ಹಾಂ, ಹೋಯ್ತು.”

“ನೀಲಿ ಪರದೆ ಬಂತಾ?”

“ಇಲ್ಲ. ಸುಮ್ನೆ ಕಪ್ಪಾಯ್ತು.”

“ಸರಿಯಾಗಿ ನೋಡಿದ್ರಾ ಮಾವ? ಏನೋ ಒಂದು ಬರ್ಲೇಬೇಕು.”

“ನಾನು ಕಣ್ಣು ಬಿಟ್ಕೊಂಡೇ ಕೂತಿದೀನಿ ಮಾರಾಯ್ತಿ. ಬರ್ಲಿಲ್ಲ.”

ನಾನು ನಂಬಲಿಲ್ಲ. ಮುದುಕರು, ಕನ್ನಡಕ ಬೇರೆ, ಎಲ್ಲೋ ನೋಡುತ್ತಿದ್ದಿರಬೇಕು ಅಂದುಕೊಂಡೆ. ಈ ಇಡೀ ಪ್ರಕರಣದಲ್ಲಿ ಯಾರಾದರೂ ಹೇಳಿದ ಅತ್ಯಂತ ಮುಖ್ಯವಾದ ಮಾತು ಆ ‘ಸುಮ್ನೆ ಕಪ್ಪಾಯ್ತು’. ಅದನ್ನು ಹೇಳಿದ್ದು ಮಾವ, ತಳ್ಳಿಹಾಕಿದ್ದು ನಾನು.

ಮುಂದಿನದು ಸುಲಭ. ಅದೇ ರಿಪೇರಿ ಪರದೆಯಲ್ಲಿ ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’ ಅಂತ ಇರುತ್ತದೆ. ತಿಂಗಳ ಅಪ್‌ಡೇಟ್ ತೆಗೆಯಬೇಕೋ, ವರ್ಷಕ್ಕೊಂದು ಬರುವ ದೊಡ್ಡ ಅಪ್‌ಡೇಟ್ ತೆಗೆಯಬೇಕೋ ಎಂದು ಕೇಳುತ್ತದೆ. ತಿಂಗಳದ್ದು ತೆಗೆಸಿದೆ. ಒಂದು ಸಲ ನಡುವೆಯೇ ಆರಿತು, ಎರಡನೇ ಸಲ ದಕ್ಕಿತು. ಡೆಸ್ಕ್‌ಟಾಪ್ ಬಂತು. ಮಾವ “ಬಂತು ಬಂತು” ಅಂದ ದನಿ ಕೇಳಿ ನನಗೂ ಹೆಮ್ಮೆಯಾಯಿತು. ಅಷ್ಟರಲ್ಲಿ ಕಾವಲಿ ಮೇಲಿನ ದೋಸೆ ಕರಕಲಾಗಿತ್ತು.

ಶುಕ್ರವಾರ ಮಧ್ಯಾಹ್ನದವರೆಗೆ ಕಂಪ್ಯೂಟರು ಚೆನ್ನಾಗಿ ನಡೆಯಿತು. ಎರಡು ಪತ್ರಿಕೆ ಮುಗಿದವು. ಮೂರನೆಯದರಲ್ಲಿ, ‘ತಮ್ಮ ಆಗಮನಾಭಿಲಾಷಿಗಳು’ ಅನ್ನುವಲ್ಲಿಗೆ ಬಂದಾಗ, ಮತ್ತೆ ಕಪ್ಪು.

ಅಪ್‌ಡೇಟ್ ತೆಗೆದ ಮೇಲೂ ಹೀಗಾದರೆ ಅಪ್‌ಡೇಟ್ ತಪ್ಪಲ್ಲ ಅಂತ ಅವತ್ತೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಅಪ್‌ಡೇಟ್ ಏನೋ ಕೆಡಿಸಿ ಹೋಗಿದೆ, ಅದು ಇನ್ನೂ ಒಳಗೆ ಉಳಿದುಕೊಂಡಿದೆ ಅಂದುಕೊಂಡೆ. ಒಬ್ಬನ ಮೇಲೆ ಒಂದು ಸಲ ಅನುಮಾನ ಬಿದ್ದರೆ ಅವನು ಊರು ಬಿಟ್ಟು ಹೋದದ್ದೂ ಅವನ ವಿರುದ್ಧದ ಸಾಕ್ಷಿಯೇ.

ಅಷ್ಟರಲ್ಲಿ ಮಾವ ಊರಿನ ಒಬ್ಬ ರಿಪೇರಿ ಹುಡುಗನನ್ನು ಕರೆಸಿದ್ದರು. ಅವನು ಎರಡು ನಿಮಿಷ ನೋಡಿ, “ಫಾರ್ಮ್ಯಾಟ್ ಹೊಡೀಬೇಕು” ಅಂದ. ಅಂದರೆ ಇದ್ದದ್ದನ್ನು ಅಳಿಸಿ ವಿಂಡೋಸ್ ಹೊಸದಾಗಿ ಹಾಕುವುದು. ನಮ್ಮ ಕಡೆ ಎಲ್ಲ ಕಾಯಿಲೆಗೂ ಇದೇ ಮದ್ದು.

ಈ ಮಾತಿಗೆ ಮಾವ ಯಾಕೆ ನಡುಗಿದರು ಅಂತ ಹೇಳಬೇಕು. ಅವರು ಪತ್ರಿಕೆ ಮಾಡುವುದು ಪೇಜ್‌ಮೇಕರ್ ಎಂಬ ಪುಟ ಜೋಡಿಸುವ ಹಳೆಯ ತಂತ್ರಾಂಶದಲ್ಲಿ. ಅದರ ಕೊನೆಯ ದೊಡ್ಡ ಆವೃತ್ತಿ, 7, ಬಂದದ್ದು 2001ರಲ್ಲಿ. ಅಕ್ಷರಗಳು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ. ಎಲ್ಲ ಭಾಷೆಯ ಅಕ್ಷರಗಳಿಗೂ ಅದರದೇ ಸಂಖ್ಯೆ ಕೊಡುವ ಯೂನಿಕೋಡ್‌ಗೆ ಮುಂಚಿನ ಆ ಫಾಂಟುಗಳಲ್ಲಿ ಟೈಪ್ ಮಾಡಿದ ಫೈಲಿನ ಒಳಗೆ ನಿಜಕ್ಕೂ ಕನ್ನಡ ಇರುವುದಿಲ್ಲ. ಇಂಗ್ಲಿಷ್ ಅಕ್ಷರ, ಸೊಟ್ಟ ಗೆರೆ, ಚುಕ್ಕಿಗಳ ಕಲಸುಮೇಲೋಗರ ಇರುತ್ತದೆ. ಫಾಂಟು ಅದಕ್ಕೆ ಕನ್ನಡದ ವೇಷ ತೊಡಿಸುತ್ತದೆ. ಫಾಂಟು ಹೋದರೆ ಚಿ॥ರಾ॥ ಮತ್ತು ಚಿ॥ಸೌ॥ ಇಬ್ಬರೂ ಹೋದರು. ಮಾವನ ಹತ್ತಿರ ಯಾವುಯಾವುದೋ ಕಾಲದಲ್ಲಿ ಯಾರುಯಾರೋ ಕೊಟ್ಟ ಫಾಂಟುಗಳಿದ್ದವು. ಕೆಲವು ಈಗ ಎಲ್ಲಿ ಸಿಗುತ್ತವೋ ಅವರಿಗೇ ಗೊತ್ತಿಲ್ಲ. ಅವೆಲ್ಲ ಕೂತಿರುವುದು ವಿಂಡೋಸ್ ಇರುವ ಸಿ ಡ್ರೈವ್‌ನಲ್ಲಿ, ಫಾರ್ಮ್ಯಾಟ್ ಅಳಿಸುವುದೂ ಅದನ್ನೇ. ಡೆಸ್ಕ್‌ಟಾಪ್ ಮೇಲೆ ಇಟ್ಟ ಫೈಲುಗಳೂ ಸಿ ಡ್ರೈವ್‌ನಲ್ಲೇ. “ಡಿ ಡ್ರೈವ್ ಹಾಗೇ ಇರತ್ತೆ ಸರ್, ಏನೂ ಹೋಗಲ್ಲ” ಅನ್ನುವ ಹುಡುಗರು ಈ ಸಂಗತಿ ಹೇಳುವುದಿಲ್ಲ. ಮಾವನ ಡೆಸ್ಕ್‌ಟಾಪ್‌ನಲ್ಲಿ ಕಾಲಿಡಲು ಜಾಗ ಇರಲಿಲ್ಲ. ಆ ಸೀಸನ್ನಿನ ಕೆಲಸ ಪೂರ್ತಿ ಅಲ್ಲೇ ಹರಡಿಕೊಂಡಿತ್ತು.

“ಯಾರೂ ಏನೂ ಹೊಡೀಬೇಡಿ. ನಾನು ಬರ್ತೀನಿ” ಅಂದೆ. ಶುಕ್ರವಾರ ರಾತ್ರಿ ತಾಳಗುಪ್ಪ ರೈಲು ಹತ್ತಿದೆ. ಬ್ಯಾಗಿನಲ್ಲಿ ಒಂದು ಜೊತೆ ಬಟ್ಟೆ, ಒಂದು ಸ್ಕ್ರೂಡ್ರೈವರ್, ವಿಂಡೋಸ್ ಬದಲಿಗೆ ಕಂಪ್ಯೂಟರ್ ಎಬ್ಬಿಸಬಲ್ಲ ಉಬುಂಟು ಎಂಬ ಸಿಸ್ಟಮ್ ಹಾಕಿದ ಒಂದು ಪೆನ್‌ಡ್ರೈವ್, ಒಂದು ಎರೇಸರ್.

ಎರೇಸರ್ ಯಾಕೆ ಅಂತ ಗೊತ್ತಿರುವವರಿಗೆ ಗೊತ್ತು. ರ‍್ಯಾಮ್ ಕಡ್ಡಿಯ ಅಂಚಿನ ಬಂಗಾರದ ಬಣ್ಣದ ಹಲ್ಲುಗಳ ಮೇಲೆ ಮಲೆನಾಡಿನ ಮಳೆಗಾಲಕ್ಕೆ ಕಿಲುಬು ಕೂರುತ್ತದೆ. ತೆಗೆದು, ಎರೇಸರ್‌ನಿಂದ ಮೆಲ್ಲಗೆ ಉಜ್ಜಿ, ಪುಡಿ ಊದಿ, ವಾಪಸ್ಸು ಕೂರಿಸಿದರೆ ಎಷ್ಟೋ ಕಂಪ್ಯೂಟರುಗಳಿಗೆ ಜೀವ ಬಂದಿದೆ. ಶನಿವಾರ ಬೆಳಿಗ್ಗೆ ಅತ್ತೆ ಕೊಟ್ಟ ಕಾಫಿ ಕುಡಿದು ಮೊದಲು ಮಾಡಿದ ಕೆಲಸ ಅದೇ. ಕ್ಯಾಬಿನೆಟ್ ತೆರೆದರೆ ಒಂದು ಮೂಲೆಯಲ್ಲಿ ಎರಡು ಹಲ್ಲಿ ಮೊಟ್ಟೆ ಸಿಪ್ಪೆ. ಪ್ರೊಸೆಸರ್ ಫ್ಯಾನಿನ ಮೇಲೆ ಕಂಬಳಿ ಹೊದೆಸಿದಷ್ಟು ಧೂಳು. ಹಳೆ ಪೇಂಟ್ ಬ್ರಶ್ಶಿನಿಂದ ಎಲ್ಲ ಗುಡಿಸಿದೆ. ರ‍್ಯಾಮ್ ಉಜ್ಜಿದೆ. ಆನ್ ಮಾಡಿದರೆ ಜುಂ ಅಂತ ಎದ್ದಿತು. ಅರ್ಧ ಗಂಟೆ ನಡೆಯಿತು. ಮಾವ ಅಕ್ಕಪಕ್ಕದ ಅಂಗಡಿಯವರಿಗೆಲ್ಲ “ನಮ್ಮ ಹುಡುಗಿ ರಬ್ಬರಲ್ಲಿ ರಿಪೇರಿ ಮಾಡಿದ್ಲು” ಅಂತ ಹೇಳಿ ಬರುವಷ್ಟರಲ್ಲಿ ಮತ್ತೆ ಆರಿತ್ತು.

ಈ ಸಲ ನಾನೇ ಎದುರಿಗಿದ್ದೆ. ಕಣ್ಣಾರೆ ನೋಡಿದೆ. ನೀಲಿ ಪರದೆ ಇಲ್ಲ. ಎಚ್ಚರಿಕೆ ಇಲ್ಲ. ಯಾರೋ ಸ್ವಿಚ್ ಆರಿಸಿದ ಹಾಗೆ ಕಪ್ಪು. ಎರಡು ಸೆಕೆಂಡಿಗೆ ಫ್ಯಾನು ಮತ್ತೆ ತಿರುಗಲು ಶುರು.

ಪೆನ್‌ಡ್ರೈವ್ ಚುಚ್ಚಿ ಉಬುಂಟು ಎಬ್ಬಿಸಿದೆ. ಉದ್ದೇಶ ಫೈಲು ಉಳಿಸಿಕೊಳ್ಳುವುದು, ಬೇರೇನೂ ಅಲ್ಲ. ಕೆಟ್ಟ ಕಂಪ್ಯೂಟರಿಗೆ ಏನು ಮಾಡುವುದಿದ್ದರೂ ಅದು ಮೊದಲ ಕೆಲಸ ಅಂತ ನನ್ನ ಹಟ. ಡೆಸ್ಕ್‌ಟಾಪ್ ಫೋಲ್ಡರನ್ನೂ ಫಾಂಟ್ಸ್ ಫೋಲ್ಡರನ್ನೂ ಹೊರಗಿನ ಡಿಸ್ಕಿಗೆ ಎಳೆದು ಬಿಟ್ಟೆ. ಫಾಂಟ್ಸ್ ಮುಗಿಯಿತು. ಡೆಸ್ಕ್‌ಟಾಪ್ ಅರ್ಧ ಆಗಿತ್ತು. ಕಪ್ಪು.

ನನಗೆ ಒಮ್ಮೆಲೇ ನಗು ಬಂತು. ವಿಂಡೋಸ್ ಆಗ ನಿದ್ದೆಯಲ್ಲಿತ್ತು. ಅಪ್‌ಡೇಟ್‌ಗೂ ಇದಕ್ಕೂ ಏನೇನೂ ಸಂಬಂಧ ಇರಲು ಸಾಧ್ಯವಿರಲಿಲ್ಲ. ಪೆನ್‌ಡ್ರೈವ್‌ನಿಂದ ಎದ್ದ ಬೇರೊಂದು ಸಿಸ್ಟಮ್ಮನ್ನೂ ಈ ಪೆಟ್ಟಿಗೆ ಹಾಗೇ ಕೆಡವಿತ್ತು. ಈ ಪರೀಕ್ಷೆಗೆ ಹತ್ತು ನಿಮಿಷ ಸಾಕು. ಗುರುವಾರವೇ ಮಾಡಿಸಬಹುದಿತ್ತು, ಊರಲ್ಲಿ ಯಾರ ಹತ್ತಿರವಾದರೂ ಒಂದು ಪೆನ್‌ಡ್ರೈವ್ ಸಿಗುತ್ತಿತ್ತು. ನಾನು ಯೋಚಿಸಲಿಲ್ಲ. ಕಳ್ಳ ಸಿಕ್ಕಿದ್ದಾನೆ ಅಂದಮೇಲೆ ಯಾರು ಹುಡುಕುತ್ತಾರೆ?

ಉಳಿದ ಫೈಲು ಎಳೆದುಕೊಂಡು, ಸೇಫ್ ಮೋಡಿನಲ್ಲಿ ವಿಂಡೋಸ್ ಎಬ್ಬಿಸಿ, ಈವೆಂಟ್ ವ್ಯೂವರ್ ತೆರೆದೆ. ಕಂಪ್ಯೂಟರಿನ ದಿನಚರಿ ಅದು. ಯಾರೂ ಓದದಿದ್ದರೂ ಬರೆಯುತ್ತಲೇ ಇರುತ್ತದೆ. ಸಿಸ್ಟಮ್ ಲಾಗ್‌ನಲ್ಲಿ ಕರ್ನಲ್-ಪವರ್, ಸಂಖ್ಯೆ 41 ಅನ್ನುವ ಸಾಲು ಹುಡುಕಬೇಕು. ಸರಿಯಾಗಿ ಮುಚ್ಚದೆಯೇ ಮತ್ತೆ ಶುರುವಾಗಿದೆ ಅಂತ ಅದರ ಅರ್ಥ. ಅದರ ವಿವರದಲ್ಲಿ ಬಗ್‌ಚೆಕ್ ಕೋಡ್ ಅಂತ ಒಂದು ಖಾನೆ ಇರುತ್ತದೆ. ವಿಂಡೋಸ್ ತಾನೇ ಕುಸಿದಿದ್ದರೆ ಅಲ್ಲೊಂದು ಸಂಖ್ಯೆ ಇರುವುದು ರೂಢಿ. ಇಲ್ಲಿ ಎಲ್ಲ ಸಾಲಲ್ಲೂ ಸೊನ್ನೆ. ಅಂದರೆ ಬರೆದಿಡಲೂ ಅದಕ್ಕೆ ಸಮಯ ಸಿಕ್ಕಿಲ್ಲ.

ತಾರೀಖು ನೋಡುತ್ತಾ ಕೆಳಗಿಳಿದೆ. ಫೆಬ್ರವರಿ 14. 13, ಸಾಲುಸಾಲು. ಆಮೇಲೆ ಫೆಬ್ರವರಿ 6. ಜನವರಿ 29. ಸಂಕ್ರಾಂತಿಯ ಮಾರನೇ ದಿನ. ಡಿಸೆಂಬರ್‌ನಲ್ಲಿ ಮೂರು.

“ಮಾವ, ಇದು ಡಿಸೆಂಬರ್‌ನಿಂದಲೇ ಹೀಗೆ ಆಫ್ ಆಗ್ತಿದೆಯಲ್ಲ?”

“ಅದಾ? ಅದು ಕರೆಂಟು.”

“ಯುಪಿಎಸ್ ಇದೆಯಲ್ಲ?”

“ಅದರ ಬ್ಯಾಟರಿ ಸತ್ತು ವರ್ಷ ಆಯ್ತು. ಕರೆಂಟಿನವರಿಗೆ ಎರಡು ಸಲ ಫೋನ್ ಮಾಡಿ ಬೈದಿದ್ದೂ ಆಗಿದೆ.”

“ಆಗ ಟ್ಯೂಬ್‌ಲೈಟೂ ಆರಿತ್ತಾ?”

ಮಾವ ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿದರು. ಸುಮಾರು ಹೊತ್ತು ಒರೆಸಿದರು.

“ಇಲ್ಲ ಮಾರಾಯ್ತಿ. ಫ್ಯಾನೂ ತಿರುಗ್ತಾನೇ ಇತ್ತು.”

ಅವರಿಗೆ ಕರೆಂಟಿನವರು ಸಿಕ್ಕಿದ್ದರು, ನನಗೆ ಅಪ್‌ಡೇಟ್ ಸಿಕ್ಕಿತ್ತು. ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು ಅಂತ ಗಾದೆ ಹೇಳುವ ನಾವೇ ಕಾಗೆಗೆ ಕಲ್ಲು ಹೊಡೆಯುತ್ತೇವೆ. ಹುಳ ಹಿಡಿದ ಕೊಂಬೆಯನ್ನು ಯಾರೂ ಮುಟ್ಟಿ ನೋಡುವುದಿಲ್ಲ.

ಕೊಂಬೆ ಯಾವುದು ಅಂತ ಈಗ ಹೆಚ್ಚುಕಮ್ಮಿ ಗೊತ್ತಾಗಿತ್ತು. ಎಸ್‌ಎಂಪಿಎಸ್. ಗೋಡೆಯ ಕರೆಂಟನ್ನು 12, 5, 3.3 ವೋಲ್ಟುಗಳಾಗಿ ಹಂಚಿಕೊಡುವ ಡಬ್ಬಿ. 12 ವೋಲ್ಟಿನ ಲೈನು ಸಾಮಾನ್ಯವಾಗಿ 11.4ರ ಕೆಳಗೆ ಇಳಿಯಬಾರದು ಅನ್ನುವುದು ನಿಯಮ. ಅದರಿಂದ ಮದರ್‌ಬೋರ್ಡಿಗೆ ಹೋಗುವ ತಂತಿಗಳ ಕಟ್ಟಿನಲ್ಲಿ ಒಂದು ಬೂದು ಬಣ್ಣದ ತಂತಿ ಇದೆ. ‘ಇಲ್ಲಿ ಎಲ್ಲ ಸರಿ ಇದೆ’ ಅಂತ ಹೇಳುತ್ತಿರುವುದು ಅದೊಂದೇ ತಂತಿಯ ಕೆಲಸ. ವೋಲ್ಟೇಜು ಕುಸಿದ ಕೂಡಲೇ ಅದು ಸುಮ್ಮನಾಗುತ್ತದೆ. ಬೋರ್ಡು ತಕ್ಷಣ ರಿಸೆಟ್ ಆಗುತ್ತದೆ. ವಿಂಡೋಸ್‌ಗೆ ಹೇಳಿ ಕೇಳಿ ಮಾಡುವ ವ್ಯವಹಾರ ಅಲ್ಲ ಇದು. ಅದಕ್ಕೇ ನೀಲಿ ಪರದೆ ಇಲ್ಲ, ಬಗ್‌ಚೆಕ್ ಸೊನ್ನೆ.

ಹಾಗಾದರೆ ಎರಡು ತಿಂಗಳು ಎಲ್ಲೋ ಒಮ್ಮೊಮ್ಮೆ ಆಗುತ್ತಿದ್ದದ್ದು ಅಪ್‌ಡೇಟ್ ದಿನವೇ ಯಾಕೆ ಬಿಡದೆ ಹಿಡಿಯಿತು? ಮಾವನ ದಿನದ ಕೆಲಸ ಹಗುರ. ಪೇಜ್‌ಮೇಕರ್ ಪ್ರೊಸೆಸರಿಗೆ ಬೆವರನ್ನೇ ತರಿಸುವುದಿಲ್ಲ. ಅಪ್‌ಡೇಟ್ ಹಾಗಲ್ಲ. ಸಾವಿರಾರು ಫೈಲು ಬಿಚ್ಚಬೇಕು, ತಾಳೆ ನೋಡಬೇಕು, ಜಾಗಕ್ಕೆ ಕೂರಿಸಬೇಕು. ಪ್ರೊಸೆಸರು, ಡಿಸ್ಕು ಎರಡೂ ಪೂರ್ತಿ ದುಡಿಯುತ್ತವೆ. ಕರೆಂಟು ಜಾಸ್ತಿ ಎಳೆಯುತ್ತದೆ, ಮುದಿ ಎಸ್‌ಎಂಪಿಎಸ್ ಕುಸಿಯುತ್ತದೆ. ಕಂಪ್ಯೂಟರು ಎದ್ದ ಕೂಡಲೇ ವಿಂಡೋಸ್ ಬಿಟ್ಟ ಕೆಲಸ ಮುಗಿಸಲು ಹೋಗುತ್ತದೆ. ಮತ್ತೆ ಎಳೆತ, ಮತ್ತೆ ಕುಸಿತ. ಆ ಸುತ್ತಾಟದ ಗುಟ್ಟು ಇಷ್ಟೇ. ಅಪ್‌ಡೇಟ್ ತೆಗೆದಾಗ ಒಂದು ದಿನ ನಡೆದದ್ದೂ ಅದಕ್ಕೇ. ಹೊರೆ ಇಳಿದಿತ್ತು, ಕಾಯಿಲೆ ಅಲ್ಲೇ ಇತ್ತು.

ಇನ್ನೂ ಒಂದು ಕಾರಣಕ್ಕೆ ಅಪ್‌ಡೇಟ್‌ಗಳ ಮೇಲೆ ಸುಳ್ಳು ಆರೋಪ ಬರುತ್ತದೆ. ವಿಂಡೋಸ್ 8 ಬಂದಾಗಿನಿಂದ ಫಾಸ್ಟ್ ಸ್ಟಾರ್ಟಪ್ ಅಂತ ಒಂದು ಏರ್ಪಾಡಿದೆ. ನೀವು ಶಟ್‌ಡೌನ್ ಒತ್ತಿದರೂ ಸಿಸ್ಟಮ್ಮಿನ ಒಳತಿರುಳು ಪೂರ್ತಿ ಮುಚ್ಚುವುದಿಲ್ಲ. ಡಿಸ್ಕಿನಲ್ಲಿ ಮಡಚಿ ಇಟ್ಟು ಬೆಳಿಗ್ಗೆ ಬಿಚ್ಚಿಕೊಳ್ಳುತ್ತದೆ. ಬುಡದಿಂದ ಏಳುವುದು ರಿಸ್ಟಾರ್ಟ್ ಮಾಡಿದಾಗ. ರಿಸ್ಟಾರ್ಟ್ ಅನ್ನು ನಾವು ಮಾಡುವುದೇ ಅಪ್‌ಡೇಟ್ ಬಂದಾಗ. ತಿಂಗಳಿನಿಂದ ಒಳಗೆ ಕೆಟ್ಟು ಕೂತಿದ್ದ, ಯಂತ್ರದ ಭಾಗ ನಡೆಸುವ ಡ್ರೈವರ್ ತಂತ್ರಾಂಶವೋ ಇನ್ನೊಂದೋ ಅವತ್ತು ಹೊರಗೆ ಬಂದರೆ ಬೈಗುಳ ಯಾರಿಗೆ?

2010ರ ಫೆಬ್ರವರಿಯಲ್ಲಿ ಆದದ್ದು ನನಗೆ ಬಹಳ ಇಷ್ಟವಾದ ಕಥೆ. ಎಂಎಸ್10-015 ಅನ್ನುವ ಅಪ್‌ಡೇಟ್ ಹಾಕಿಕೊಂಡ ಎಷ್ಟೋ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರುಗಳು ಇದೇ ತರ ಎದ್ದು ಬಿದ್ದು ಎದ್ದು ಬಿದ್ದು ಸುಸ್ತಾದವು. ಮೈಕ್ರೋಸಾಫ್ಟ್ ಅದನ್ನು ತಾನಾಗಿ ಹಂಚುವುದನ್ನೇ ನಿಲ್ಲಿಸಬೇಕಾಯಿತು. ಕೆದಕಿ ನೋಡಿದರೆ, ಕೆಟ್ಟ ಕಂಪ್ಯೂಟರುಗಳಲ್ಲಿ ಅಲ್ಯುರಿಯಾನ್ ಅನ್ನುವ ರೂಟ್‌ಕಿಟ್, ಅಂದರೆ ಸಿಸ್ಟಮ್ಮಿನ ಆಳದಲ್ಲಿ ಅಡಗುವ ಕಳ್ಳ ತಂತ್ರಾಂಶ, ಮೊದಲೇ ಬಚ್ಚಿಟ್ಟುಕೊಂಡಿತ್ತು. ಅದು ವಿಂಡೋಸ್‌ನ ಒಳತಿರುಳಿನ ಕೆಲವು ವಿಳಾಸಗಳನ್ನು ಉರು ಹೊಡೆದುಕೊಂಡಿತ್ತು. ಅಪ್‌ಡೇಟ್ ಆ ತಿರುಳನ್ನು ಬದಲಾಯಿಸಿತು. ಕಳ್ಳ ಕತ್ತಲಲ್ಲಿ ಹಳೆ ಲೆಕ್ಕದಲ್ಲಿ ಹೆಜ್ಜೆ ಇಟ್ಟು ಬಾವಿಗೆ ಬಿದ್ದ, ಜೊತೆಗೆ ಮನೆಯನ್ನೂ ಎಳೆದುಕೊಂಡು. ತಮಾಷೆ ಅಂದರೆ, ಕೆಲವೇ ದಿನದಲ್ಲಿ ರೂಟ್‌ಕಿಟ್ ಮಾಡಿದವರೇ ತಮ್ಮ ಸರಕಿಗೊಂದು ಅಪ್‌ಡೇಟ್ ಬಿಟ್ಟು ಸರಿಮಾಡಿಕೊಂಡರು. ಕಳ್ಳನಿಗೂ ಮನೆ ನಿಂತಿದ್ದರೇ ಲಾಭ.

ಅಪ್‌ಡೇಟ್‌ಗಳು ಯಾವತ್ತೂ ತಪ್ಪೇ ಮಾಡುವುದಿಲ್ಲ ಅಂತ ನಾನು ವಕಾಲತ್ತು ಹಾಕುತ್ತಿಲ್ಲ. 2024ರ ಜುಲೈ 19ರ ಶುಕ್ರವಾರ ಯಾರಿಗೆ ಮರೆತಿದೆ? ಜಗತ್ತಿನ 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ, ರಿಸ್ಟಾರ್ಟ್, ಮತ್ತೆ ನೀಲಿ ಪರದೆ ಅಂತ ಸುತ್ತಿದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಕ್ಲೌಡ್‌ನಲ್ಲಿದ್ದ ಯಂತ್ರಗಳಿಗೆ ಮೈಕ್ರೋಸಾಫ್ಟ್ ಕೊಟ್ಟ ಸಲಹೆಗಳಲ್ಲಿ ಒಂದು, ಮತ್ತೆ ಮತ್ತೆ ರಿಸ್ಟಾರ್ಟ್ ಮಾಡಿ ನೋಡಿ, 15 ಸಲದವರೆಗೂ ಬೇಕಾಗಬಹುದು ಅಂತ. ಅಂದು ಕಾಗೆಯೇ ಕೊಂಬೆ ಮುರಿದದ್ದು, ಅನುಮಾನವೇ ಇಲ್ಲ. ಆದರೆ ಅದು ಬೇರೆ ಕಾಗೆ. ಕೆಟ್ಟ ಫೈಲು ಬಂದದ್ದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶದಿಂದ, ವಿಂಡೋಸ್ ಅಪ್‌ಡೇಟ್‌ನಿಂದ ಅಲ್ಲ. ಪರದೆಯ ಬಣ್ಣ ನೋಡಿ ನಮ್ಮ ಆಫೀಸಿನಲ್ಲೇ ಅರ್ಧ ಜನ ಮೈಕ್ರೋಸಾಫ್ಟನ್ನು ಬೈದರು.

ಸಾಗರಕ್ಕೆ ವಾಪಸ್ಸು ಬರುತ್ತೇನೆ. ಪಕ್ಕದ ಫೋಟೋ ಸ್ಟುಡಿಯೋದವರ ಹತ್ತಿರ ಮೂಲೆಗೆ ಬಿದ್ದ ಒಂದು ಕಂಪ್ಯೂಟರ್ ಇತ್ತು. ಮದರ್‌ಬೋರ್ಡ್ ಹೋಗಿತ್ತು, ಎಸ್‌ಎಂಪಿಎಸ್ ಸರಿಯಿತ್ತು. ಹಿಂದುಗಡೆಯ ನಾಲ್ಕು ಸ್ಕ್ರೂ, 24 ಪಿನ್ನಿನ ದೊಡ್ಡ ಕನೆಕ್ಟರು, ಪ್ರೊಸೆಸರ್ ಪಕ್ಕದ ನಾಲ್ಕು ಪಿನ್ನಿನದು, ಡಿಸ್ಕಿನದು. ಇಪ್ಪತ್ತು ನಿಮಿಷದ ಕೆಲಸ. ಬಿಚ್ಚಿದ ಹಳೆಯದನ್ನು ಮೂಗಿನ ಹತ್ತಿರ ತಂದರೆ ಸುಟ್ಟ ಮೀನಿನ ಹಾಗೆ ವಾಸನೆ. ಜಾಲರಿಯ ಸಂದಿಯಿಂದ ಟಾರ್ಚ್ ಬಿಟ್ಟು ನೋಡಿದೆ. ಒಳಗೆ ಪುಟ್ಟ ಡಬ್ಬಿಗಳಂಥ ಕೆಪಾಸಿಟರುಗಳು ಸಾಲಾಗಿ ನಿಂತಿದ್ದವು. ಅವುಗಳ ತಲೆ ಚಪ್ಪಟೆ ಇರಬೇಕು. ಎರಡರ ತಲೆ ಪೂರಿ ಹಾಗೆ ಉಬ್ಬಿತ್ತು. ಒಂದು ಬಿರುಕು ಬಿಟ್ಟು, ಕಂದು ಬಣ್ಣದ ಅಂಟು ಇಳಿದು ಒಣಗಿತ್ತು. ಮಾವನಿಗೂ ತೋರಿಸಿದೆ. ಅವರು ಡಬ್ಬಿಯನ್ನೇ ಬಿಚ್ಚಲು ಸ್ಕ್ರೂಡ್ರೈವರ್ ತೆಗೆದುಕೊಂಡರು. ಕಸಿದುಕೊಂಡೆ. ಪ್ಲಗ್ ತೆಗೆದ ಮೇಲೂ ಅದರೊಳಗೆ ಹೊಡೆದು ಕೆಡವುವಷ್ಟು ಕರೆಂಟು ಉಳಿದಿರಬಹುದು.

ಸಂಜೆ ಅದೇ ಅಪ್‌ಡೇಟನ್ನು ಮತ್ತೆ ಹಾಕಿದೆ. ಮಾವ ಬೇಡವೇ ಬೇಡ ಅಂದರು. ಹಾಕಲೇಬೇಕು ಅಂದೆ. ಇಬ್ಬರೂ ಸ್ಟೂಲ್ ಎಳೆದುಕೊಂಡು ಪರದೆ ಎದುರು ಕೂತೆವು. 30 ಪರ್ಸೆಂಟಿಗೆ ಬಂದಾಗ ಮಾವ ಮಾತು ನಿಲ್ಲಿಸಿದರು. 74ರಲ್ಲಿ ಬಹಳ ಹೊತ್ತು ನಿಂತಿತು. 100 ಆಯಿತು. ತಾನೇ ರಿಸ್ಟಾರ್ಟ್ ಆಯಿತು, ಅದು ಆಗಬೇಕಾದ್ದೇ. ಡೆಸ್ಕ್‌ಟಾಪ್ ಬಂತು. ಫೈಲು ತೆರೆದರು. ಆಗಮನಾಭಿಲಾಷಿಗಳು ನಿಲ್ಲಿಸಿದ ಜಾಗದಲ್ಲೇ ಕಾಯುತ್ತಿದ್ದರು.

ಭಾನುವಾರ ಬೆಳಿಗ್ಗೆ ಲಗ್ನಪತ್ರಿಕೆಯವರು ಬಂದರು. ಮಗಳ ಮದುವೆ, ಮೂರು ದಿನ ತಡ. ಮುಖ ಗಂಟಿಕ್ಕಿಕೊಂಡೇ ಬಾಗಿಲಲ್ಲಿ ನಿಂತರು. ನಾನು ಒಳಗೆ ಅತ್ತೆಯ ಜೊತೆ ಮಿಡಿ ಮಾವಿನಕಾಯಿ ತೊಟ್ಟು ಮುರಿಯುತ್ತಾ ಕೂತಿದ್ದೆ. ಮಾವನ ದನಿ ಕೇಳಿಸಿತು.

“ಏನು ಮಾಡೋದು ಹೆಗಡೇರೆ. ಅಪ್‌ಡೇಟ್ ಆಗಿಬಿಟ್ಟಿತ್ತು.”

“ಓ, ಅಪ್‌ಡೇಟಾ? ಹಾಗಾದ್ರೆ ಬಿಡಿ” ಅಂದರು ಅವರು. ಕಾಫಿಗೆ ಕೂತರು.